ತೊಟ್ಟಿಲ ಬಳಿ ನಿಂತವರಿಗೆ



ನಾಮಕರಣಕ್ಕೆ ಹೋಗಿರುತ್ತೀರಿ. ಕೂಸಿನ ಒಂದು ಕಿವಿ ಮುದುಡಿದೆ, ಅದೇ ಬದಿಯ ದವಡೆ ಚಿಕ್ಕದು, ಕಣ್ಣಿನ ಮೇಲೊಂದು ಪುಟ್ಟ ಗಂಟು. ಕೂಡಲೇ ಯಾರೋ ಬಾಣಂತಿಯನ್ನು ಕೇಳಿಬಿಡುತ್ತಾರೆ: "ಗ್ರಹಣದಲ್ಲಿ ಹೊರಗೆ ಬಂದಿದ್ದೆಯೇನಮ್ಮಾ?" ಓದಿದವರೂ ಕೇಳುತ್ತಾರೆ, ಅದೇ ಬೇಸರ.

ಇದು ಗೋಲ್ಡನ್‌ಹಾರ್ ಸಿಂಡ್ರೋಮ್ ಇರಬಹುದು. ಮಾರಿಸ್ ಗೋಲ್ಡನ್‌ಹಾರ್ ಎಂಬ ವೈದ್ಯರು 1952ರಲ್ಲಿ ಇದನ್ನು ವಿವರಿಸಿದರು. ಬಸಿರಿನ ಮೊದಲ ಕೆಲವು ವಾರಗಳಲ್ಲೇ ಮುಖದ ಒಂದು ಬದಿಯ ಬೆಳವಣಿಗೆ ಹಿಂದೆ ಬೀಳುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಹುಪಾಲು ಮಕ್ಕಳ ಬುದ್ಧಿಗೂ ಏನೂ ಕೊರತೆಯಿಲ್ಲ.

ನಾವು ಮುಖವನ್ನಷ್ಟೇ ನೋಡುತ್ತೇವೆ. ಕತ್ತು, ಬೆನ್ನಿನ ಮೂಳೆಮಣಿಗಳು ಅರ್ಧ ಮಾತ್ರ ಬೆಳೆದಿರಬಹುದು, ಒಂದಕ್ಕೊಂದು ಅಂಟಿರಬಹುದು. ಮಗು ದೊಡ್ಡದಾದಂತೆ ಬೆನ್ನು ಬಾಗಬಹುದು. ಅದಕ್ಕೇ ಎಕ್ಸ್‌ರೇ ಬೇಕು, ಹೃದಯ, ಮೂತ್ರಪಿಂಡಗಳ ತಪಾಸಣೆಯೂ ಬೇಕು. ಎರಡೂ ಕಿವಿಗಳ ಶ್ರವಣ ಪರೀಕ್ಷೆಯನ್ನಂತೂ ಮುಂದೂಡಬಾರದು. ಕಿವಿಯ ಆಕಾರ ಸರಿಪಡಿಸಲು ಕೆಲವು ವರ್ಷ ಕಾಯಬಹುದು, ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಮೂಳೆಯ ಮೂಲಕ ಶಬ್ದ ಮುಟ್ಟಿಸುವ ಯಂತ್ರವನ್ನು ತಲೆಪಟ್ಟಿಯಲ್ಲಿಟ್ಟು ಕೂಸಿಗೂ ಕಟ್ಟುತ್ತಾರೆ.

ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ 1983ರಿಂದ ಶ್ರವಣದೋಷದ ಕೆಲಸಕ್ಕೆಂದೇ ಇದೆ. ಡೊಂಬಿವಲಿ, ಕಲ್ಯಾಣದವರು ದಾದರಿನಲ್ಲಿ ಗಾಡಿ ಬದಲಿಸಿದರಾಯಿತು. ಹುಟ್ಟು ನ್ಯೂನತೆಗಳನ್ನು ಉಚಿತವಾಗಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದೇ ಆಗ ಠಾಣೆ ಜಿಲ್ಲೆಗೆ ಸೇರಿದ್ದ ಪಾಲ್ಘರಿನಲ್ಲಿ. 18 ವರ್ಷದವರೆಗಿನ ಮಕ್ಕಳಿಗೆ ಅದು ಅನ್ವಯಿಸುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಲೋಕಲ್‌ನ ನೂಕುನುಗ್ಗಲಿನಲ್ಲಿ ಕೂಸನ್ನೂ ಫೈಲನ್ನೂ ಹಿಡಿದು ತಾಯಿ ಒಬ್ಬಳೇ ಹೋಗುವುದು ಕಷ್ಟ. ಬಿಡುವಿದ್ದವರು ಒಂದು ಬೆಳಿಗ್ಗೆ ಜೊತೆಗೆ ಹೋಗಿಬನ್ನಿ.