ಇನ್ನೊಂದು ಸಲ ಓದಪ್ಪ

ದೀಪಾವಳಿಗೆ ಊರಿಗೆ ಹೋದಾಗ ದಾವಣಗೆರೆಯಲ್ಲಿರೋ ಅಕ್ಕನ ಮಗ ಒಂದು ಕರಪತ್ರ ಕೈಗಿಟ್ಟ. ‘ನಿಮಿಷಕ್ಕೆ 1000 ಪದ ಓದಿ! ಗಂಟೆಗೊಂದು ಪುಸ್ತಕ ಮುಗಿಸಿ!’ ಫೀಸು 6,000 ರೂಪಾಯಿ. ಹುಡುಗ ಕೆಎಎಸ್‌ಗೆ ತಯಾರಿ ಮಾಡ್ತಿದ್ದಾನೆ, ಓದಬೇಕಾದ್ದು ಗುಡ್ಡದಷ್ಟಿದೆ. “ಡೆಮೊ ಕ್ಲಾಸ್ ಫ್ರೀ ಐತಿ, ನೀವೂ ಬರ್ರಿ ಮಾಮ” ಅಂದ. ಹೋದೆ.

ಅಲ್ಲಿ ಹೇಳಿದ್ದು ಮೂರೇ ಮಾತು. ಮನಸ್ಸಿನಲ್ಲಿ ಉಚ್ಚರಿಸುತ್ತಾ ಓದಬೇಡಿ. ಓದಿದ್ದಕ್ಕೆ ಹಿಂದಿರುಗಬೇಡಿ. ಒಂದೊಂದೇ ಪದ ನೋಡದೆ ಇಡೀ ಸಾಲನ್ನು ಒಂದೇ ನೋಟಕ್ಕೆ ಹಿಡಿಯಿರಿ. ಆಮೇಲೆ ಎರಡು ಪುಟದ ಒಂದು ಪಾಠ, ಕೆಳಗೆ ಹತ್ತು ಪ್ರಶ್ನೆ. ಹುಡುಗ ಒಂದೇ ನಿಮಿಷದಲ್ಲಿ ಓದಿ 7 ಸರಿ ಮಾಡಿದ. ಚಪ್ಪಾಳೆ ಬಿತ್ತು. ನಾನು ಪಾಠ ಓದಲೇ ಇಲ್ಲ, ಅಂದಾಜಿನ ಮೇಲೆ ಉತ್ತರಗಳಿಗೆ ಟಿಕ್ ಹಾಕಿದೆ. ನನಗೆ 6 ಬಂತು!

ಕೋಡ್ ಬರೆಯುವ ಮೊದಲೇ ಪಾಸ್ ಆಗಿಬಿಡೋ ಟೆಸ್ಟನ್ನು ನಮ್ಮ ಆಫೀಸಿನಲ್ಲಿ ಯಾರೂ ಟೆಸ್ಟ್ ಅನ್ನೋದಿಲ್ಲ. ಇಲ್ಲಿ ಅದನ್ನೇ ತೋರಿಸಿ ದುಡ್ಡು ಕೇಳ್ತಾರೆ.

ಈ ವ್ಯಾಪಾರ ಹೊಸದೇನಲ್ಲ. ಅಮೆರಿಕದಲ್ಲಿ ಎವೆಲಿನ್ ವುಡ್ ಅನ್ನೋ ಶಿಕ್ಷಕಿ 1959ರಲ್ಲೇ ಇದರ ತರಗತಿ ಶುರು ಮಾಡಿದರು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ಈ ಕೋರ್ಸ್ ಮಾಡಿದ್ದರು. 2014ರಲ್ಲಿ ಒಂದೊಂದೇ ಪದವನ್ನು ಸರಸರ ಮಿಂಚಿಸೋ ಆ್ಯಪ್‌ಗಳು ಬಂದವು. ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಅಂತ ಜೀವಮಾನವಿಡೀ ಅಳೆದ ಕೀತ್ ರೇನರ್ ಮತ್ತು ಸಂಗಡಿಗರು ಇದನ್ನೆಲ್ಲ ಜಾಲಾಡಿ ಬರೆದ ವಿಮರ್ಶೆ 2016ರಲ್ಲಿ ಪ್ರಕಟವಾಯ್ತು. ಅದರ ಸಾರ ಇಷ್ಟೇ: ವೇಗ ಬೇಕಂದ್ರೆ ಅರ್ಥದಲ್ಲಿ ಒಂದಿಷ್ಟು ಬಿಟ್ಟುಕೊಡಬೇಕು. ಪೂರ್ತಿ ಅರ್ಥವೂ ಆಗಬೇಕು, ವೇಗವೂ ಎರಡು ಮೂರು ಪಟ್ಟಾಗಬೇಕು ಅಂದ್ರೆ ಆಗಲ್ಲ.

ಯಾಕೆ ಆಗಲ್ಲ? ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಕಣ್ಣಿಗೆ ನಿಜಕ್ಕೂ ಸ್ಪಷ್ಟವಾಗಿ ಕಾಣೋದು ಹೆಚ್ಚುಕಡಿಮೆ ಅಷ್ಟಗಲ ಮಾತ್ರ. ಓದುವಾಗ ಕಣ್ಣು ಜಾರೋದಿಲ್ಲ, ಜಿಗಿಯುತ್ತೆ. ಒಂದೊಂದು ಕಡೆ ಸೆಕೆಂಡಿನ ಕಾಲುಭಾಗದಷ್ಟು ನಿಂತು ಮತ್ತೆ ಜಿಗಿಯುತ್ತೆ. ಆಗಾಗ ಹಿಂದಕ್ಕೂ ಹೋಗುತ್ತೆ. ಆ ಹಿಂಜಿಗಿತ ದುರಭ್ಯಾಸ ಅಲ್ಲ, ಅರ್ಥವಾಗದ್ದನ್ನು ಸರಿಪಡಿಸಿಕೊಳ್ಳೋ ಉಪಾಯ. ಹಿಂದಕ್ಕೆ ಹೋಗದಂತೆ ತಡೆದು ಓದಿಸಿದಾಗ ಅರ್ಥ ಕೆಟ್ಟಿದ್ದನ್ನು ಪ್ರಯೋಗಗಳೇ ತೋರಿಸಿವೆ.

ಇದನ್ನು ನನಗೆ ಮೊದಲು ಕಲಿಸಿದ್ದು ಹೆಬ್ಬೆಟ್ಟೊತ್ತುತ್ತಿದ್ದ ನಮ್ಮಜ್ಜ. ನಾನಾಗ ಒಂಬತ್ತನೇ ಕ್ಲಾಸು. ಒಂದೆಕರೆ ಹೊಲ ಕೊಳ್ಳೋಕೆ ಹರಿಹರದಲ್ಲಿ ಕ್ರಯಪತ್ರದ ಕರಡು ಬರೆಸಿ ತಂದಿದ್ದರು. ಓದೋಕೆ ನನ್ನನ್ನು ಕೂರಿಸಿದರು. ಚಕ್ಕುಬಂದಿ, ಸರ್ವೆ ನಂಬರು, ಎಲ್ಲಾ ಗಡಗಡ ಒದರಿದೆ. ಅಜ್ಜ ಕಣ್ಣು ಮುಚ್ಚಿ ಕೇಳ್ತಾ ಇದ್ದವರು, “ತಡಿ. ಆ ಬಂಡಿದಾರಿದು ಇನ್ನೊಂದು ಸಲ ಓದಪ್ಪ. ಕೊನೀಗೇನಂದಿ?” ಅಂದರು. ಮತ್ತೆ ಓದಿದೆ: ಬಂಡಿದಾರಿಯಲ್ಲಿ ಓಡಾಡಲು ಕೊಳ್ಳುವವರಿಗೆ ಹಕ್ಕು ಇರತಕ್ಕದ್ದಲ್ಲ. ನಾನು ಮೊದಲ ಸಲ ‘ಇರತಕ್ಕದ್ದು’ ಅಂತ ಓದಿ ದಾಟಿಬಿಟ್ಟಿದ್ದೆ. ದಾರಿಯಿಲ್ಲದ ಹೊಲ ತಗೊಂಡು ಎತ್ತನ್ನು ಹಾರಿಸಿಕೊಂಡು ಹೋಗೋದಾ? ಕರಡು ತಿದ್ದಿಸಿದ ಮೇಲೆಯೇ ಅಜ್ಜ ಹೆಬ್ಬೆಟ್ಟು ಒತ್ತಿದ್ದು.

ಕನ್ನಡದಲ್ಲಿ ಅಸಲಿ ವಿಷಯ ಪದದ ಬಾಲದಲ್ಲಿರುತ್ತೆ. ಕೊಡುತ್ತಾರೆ, ಕೊಡುತ್ತಾರಂತೆ, ಕೊಟ್ಟಾರು, ಕೊಡಲಾರರು. ಶುರು ಒಂದೇ. ಒಂದು ಭರವಸೆ, ಒಂದು ಗಾಳಿಮಾತು, ಒಂದು ಅನುಮಾನ, ಇನ್ನೊಂದು ಕೈ ಎತ್ತಿದ್ದು. ಪದದ ತಲೆ ನೋಡಿ ಮುಂದಕ್ಕೆ ಹಾರಿದವನಿಗೆ ಇವು ನಾಲ್ಕೂ ಒಂದೇ. ಇನ್ನು ‘ಬರಲಾಗದಿದ್ದುದರಿಂದ’ ಅನ್ನೋ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳೋಕೆ ನಾಲ್ಕೈದು ಪದ ಬೇಕು. ಹಾಗಿದ್ದ ಮೇಲೆ ಇಂಗ್ಲಿಷ್ ಓದಿಗೆ ಹುಟ್ಟಿದ ‘ನಿಮಿಷಕ್ಕೆ ಇಷ್ಟು ಪದ’ ಅನ್ನೋ ಲೆಕ್ಕವನ್ನು ತಂದು ಕನ್ನಡ ಮೀಡಿಯಂ ಹುಡುಗರ ತಲೆಗೆ ಕಟ್ಟೋದು ಯಾವ ನ್ಯಾಯ?

ಇಷ್ಟೆಲ್ಲಾ ಮಾತಾಡೋ ನಾನೇನು ಸಾಚಾ ಅಲ್ಲ. ಅಪ್ಪನಿಗೆ ಆರೋಗ್ಯ ವಿಮೆ ಮಾಡಿಸಿದ್ದು ನಾನೇ. 38 ಪುಟದ ಪಾಲಿಸಿಯನ್ನು ಮೀಟಿಂಗ್ ನಡುವೆ ಹತ್ತು ನಿಮಿಷದಲ್ಲಿ ಸ್ಕ್ರೋಲ್ ಮಾಡಿ ಟಿಕ್ ಒತ್ತಿದೆ. ಹನ್ನೊಂದು ತಿಂಗಳಿಗೆ ಅಪ್ಪನ ಕಣ್ಣಿಗೆ ಪೊರೆ ಬಂತು, ದಾವಣಗೆರೆಯಲ್ಲಿ ಆಪರೇಷನ್ ಆಯ್ತು. ಕ್ಲೇಮ್ ತಿರಸ್ಕಾರ. ಪುಟ 19ರಲ್ಲಿ ಇತ್ತು: ಪೊರೆಯ ಚಿಕಿತ್ಸೆಗೆ 24 ತಿಂಗಳು ಕಾಯಬೇಕು. 42,000 ರೂಪಾಯಿ ಕೈಯಿಂದ ಕಟ್ಟಿದೆ. ಕಂಪನಿಯದ್ದೇನೂ ತಪ್ಪಿರಲಿಲ್ಲ, ಅಚ್ಚು ಹಾಕಿ ಕೊಟ್ಟಿದ್ದರು. ದುಡ್ಡಿಗಿಂತ ಚುಚ್ಚಿದ್ದು ಅಪ್ಪನ ಮಾತು: “ನೀನು ಓದಿದ್ದೆ ಅಲ್ವೇನಪ್ಪ?” ಹೆಬ್ಬೆಟ್ಟಿನ ಅಜ್ಜ ಉಳಿಸಿಕೊಂಡಿದ್ದನ್ನು ಬಿಇ ಮೊಮ್ಮಗ ಕಳೆದಿದ್ದ.

ಹಾಗಂತ ಎಲ್ಲವನ್ನೂ ಮಂತ್ರದ ಹಾಗೆ ಓದಬೇಕಿಲ್ಲ. ನೂರು ಮೇಲ್‌ಗಳಲ್ಲಿ ನಮಗೆ ಬೇಕಾದ್ದು ಯಾವುದು, ಲಾಗ್ ಫೈಲ್‌ನಲ್ಲಿ ಎರರ್ ಎಲ್ಲಿದೆ ಅಂತ ಹುಡುಕೋಕೆ ಕಣ್ಣಾಡಿಸಿದರೆ ಸಾಕು. ಅದು ಹುಡುಕಾಟ, ಓದಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು ಮಾರೋದಕ್ಕೆ ನನ್ನ ತಕರಾರು. ಓದಿನ ವೇಗ ಹೆಚ್ಚಿಸೋ ದಾರಿಯೂ ಇದೆ. ಹೆಚ್ಚು ಓದಿ, ಪದ ಪರಿಚಯ ಬೆಳೆಯಲಿ, ವಿಷಯ ಹಳೇದಾಗಲಿ, ವೇಗ ತಾನಾಗೇ ಬರುತ್ತೆ. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಅದಕ್ಕೇ ಇದನ್ನು ಎರಡು ದಿನದ ವರ್ಕ್‌ಶಾಪ್ ಮಾಡಿ ಮಾರೋಕಾಗಲ್ಲ.

ಡೆಮೊ ಮುಗಿದ ಮೇಲೆ ಹುಡುಗನ ಕೈಗೆ ಸೇರ್ಪಡೆ ಅರ್ಜಿ ಕೊಟ್ಟರು, ಅವನು ಪೆನ್ನು ತೆಗೆದ. “ಕಡೇ ಸಾಲು ಜೋರಾಗಿ ಓದು ನೋಡೋಣ” ಅಂದೆ. “ಕಟ್ಟಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗು...” ಅಂತ ಗಡಗಡ ಓದಿ ನಿಲ್ಲಿಸಿಬಿಟ್ಟ.

“ಇನ್ನೊಂದು ಸಲ ಓದಪ್ಪ” ಅಂದೆ. ಓದಿದ. ಪೆನ್ನು ಜೇಬಿಗೆ ಹೋಯ್ತು.