ಅರಿತು ಸಾಕೋಣ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವುದು ಒಳ್ಳೆಯ ಹವ್ಯಾಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಬೋಡಕ್‌ದೇವಿಗೆ ಸಮೀಪದ ಸಾಯನ್ಸ್ ಸಿಟಿಯಲ್ಲಿ 2021ನೆಯ ಇಸವಿಯಲ್ಲಿ ಜಲಚರಗಳ ಪ್ರದರ್ಶನಾಲಯವು ಆರಂಭವಾದಂದಿನಿಂದ, ಕಡಲಿನ ಮೀನುಗಳನ್ನು ಮನೆಯಲ್ಲಿಯೇ ಸಾಕಬೇಕೆಂಬ ಆಸೆ ನಮ್ಮ ಗೆಳೆಯರಲ್ಲಿಯೂ ಮೊಳೆತಿದೆ. ಆಸೆ ತಪ್ಪಲ್ಲ, ಅರಿವಿಲ್ಲದ ಆಸೆ ತಪ್ಪು. ಕಾರ್ಡಿನಲ್ ಮೀನುಗಳ ನಿದರ್ಶನದಿಂದ ಈ ಮಾತನ್ನು ವಿಶದಪಡಿಸುವೆವು.

ಈ ಕುಲದ ಮೀನುಗಳು ಚಿಕ್ಕವು. ಬಹುತೇಕ ಗೇಣಿಗಿಂತ ಕಿರಿದು. ದೊಡ್ಡ ಕಣ್ಣು, ಅಗಲವಾದ ಬಾಯಿ, ಬೆನ್ನಿನ ಮೇಲೆ ಬೇರೆ ಬೇರೆಯಾಗಿ ನಿಂತ ಎರಡು ಈಜುರೆಕ್ಕೆಗಳು ಇವುಗಳ ಕುರುಹು. ಹಗಲು ಮರೆಯಲ್ಲಿದ್ದು ಇರುಳಿನಲ್ಲಿ ಆಹಾರವನ್ನರಸುವ ಜೀವಿಗಳಿಗೆ ದೊಡ್ಡ ಕಣ್ಣು ಸಹಜವೇ ಸರಿ. ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವವು ಎರಡು ಜಾತಿ. ಪೈಜಾಮ ಕಾರ್ಡಿನಲ್ಲಿಗೆ ಕೆಂಪು ಕಣ್ಣು, ಹಳದಿ ಮುಖ, ನಡುವೆ ಅಗಲವಾದ ಕಪ್ಪು ಪಟ್ಟಿ, ಹಿಂಭಾಗದಲ್ಲಿ ಚುಕ್ಕೆಗಳು. ಬಂಗ್ಗಾಯಿ ಕಾರ್ಡಿನಲ್ಲಿಗೆ ಬೆಳ್ಳಿಯ ಮೈ, ಅಡ್ಡಲಾಗಿ ಮೂರು ಕಪ್ಪು ಪಟ್ಟೆ, ನೀಳವಾದ ರೆಕ್ಕೆಗಳು, ಆಳವಾಗಿ ಕವಲೊಡೆದ ಬಾಲ.

ಹೆಸರಿನಲ್ಲೇನಿದೆ ಎಂದು ಕೇಳುವವರುಂಟು. ನಮ್ಮ ಪರಿಚಿತರೊಬ್ಬರು ಐದು ಬಂಗ್ಗಾಯಿ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರು. ಪೈಜಾಮ ಮೀನುಗಳು ಗುಂಪಾಗಿ ಶಾಂತವಾಗಿರುವುದನ್ನು ಕಂಡಿದ್ದ ಅವರು ಇವೂ ಹಾಗೆಯೇ ಎಂದು ಭಾವಿಸಿದರು. ಕೆಲವು ವಾರಗಳಲ್ಲಿ ಎರಡು ಜೋಡಿಯಾದವು. ಉಳಿದ ಮೂರು ಅವುಗಳ ಕಾಟಕ್ಕೆ ಸಿಕ್ಕಿ ಸತ್ತವು. ಆ ಬಳಿಕ ಗಂಡು ಆಹಾರವನ್ನು ಮುಟ್ಟದಾಯಿತು. ರೋಗವೆಂದು ಬಗೆದು ಔಷಧಿ ಹಾಕಿದರು. ಅದು ರೋಗವಲ್ಲ, ಪಿತೃಧರ್ಮ! ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿಟ್ಟುಕೊಂಡು ಸುಮಾರು 20 ದಿವಸ ಕಾಯುತ್ತದೆ. ಮರಿಯಾದ ಮೇಲೂ ಹತ್ತು ದಿವಸದಷ್ಟು ಬಾಯಲ್ಲೇ ಸಲಹುತ್ತದೆ. ಅಷ್ಟು ಕಾಲವೂ ಅದಕ್ಕೆ ಉಪವಾಸ. ಅರಿಯದ ಮಮತೆಯೂ ಕೆಲವೊಮ್ಮೆ ವಿಷವಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ತೊಟ್ಟಿಯ ವಿಷಯದಲ್ಲಿಯೂ ತಾಳ್ಮೆ ಬೇಕು. ಅಡಿಗೆಯ ಉಪ್ಪು ಕಲಸಿದ ನೀರು ಕಡಲಾಗದು. ಇದಕ್ಕೆಂದೇ ಸಿದ್ಧಪಡಿಸಿದ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಂ ಪ್ರಮಾಣದಲ್ಲಿ ಬೆರೆಸಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕಾರು ವಾರ ಹಿಡಿಯುತ್ತದೆ; ಅದಕ್ಕೆ ಮುಂಚೆ ಮೀನನ್ನು ಬಿಡಲಾಗದು. ಅಹಮದಾಬಾದಿನ ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಈ ಮೀನುಗಳಿಗೋ 25 ಡಿಗ್ರಿಯ ಆಸುಪಾಸಿನ ನೀರು ಹಿತ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು.

ಇವೆಲ್ಲಕ್ಕಿಂತ ಹಿರಿದಾದ ಪ್ರಶ್ನೆಯೊಂದಿದೆ: ಈ ಮೀನು ಎಲ್ಲಿ ಹುಟ್ಟಿತು? ಬಂಗ್ಗಾಯಿ ಮೀನಿನ ತವರು ಇಂಡೋನೇಷ್ಯಾದ ಬಂಗ್ಗಾಯಿ ದ್ವೀಪಸಮುದಾಯ. 1933ರಲ್ಲಿ ವಿದ್ವಾಂಸರು ಅದನ್ನು ವರ್ಣಿಸಿದರೂ, ಅದು ಲೋಕಪ್ರಸಿದ್ಧವಾದುದು 1990ರ ದಶಕದಲ್ಲಿ. ಪ್ರಸಿದ್ಧಿಯೇ ಅದಕ್ಕೆ ಕಂಟಕವಾಯಿತು. ವ್ಯಾಪಾರಕ್ಕಾಗಿ ಲಕ್ಷಗಟ್ಟಲೆ ಹಿಡಿದರು. 2007ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅನೇಕ ಮೀನುಗಳ ಮರಿಗಳು ತೆರೆಯೊಡನೆ ತೇಲಿ ದೂರ ದೂರ ಹರಡುತ್ತವೆ; ತಂದೆಯ ಬಾಯಿಂದ ಇಳಿದ ಈ ಮರಿಗಳಾದರೋ ಹುಟ್ಟಿದೆಡೆಯಲ್ಲೇ, ಕಡಲ ಮುಳ್ಳುಗಳ ನಡುವೆ, ಬಾಳುತ್ತವೆ. ಒಂದು ಕೊಲ್ಲಿಯಲ್ಲಿ ಅವು ತೀರಿದರೆ ಬೇರೆಡೆಯಿಂದ ಬಂದು ತುಂಬುವವರಿಲ್ಲ.

ಆದರೆ ಇದೇ ಮೀನು ತೊಟ್ಟಿಯಲ್ಲಿಯೂ ಮರಿ ಮಾಡಬಲ್ಲುದು. ಆದಕಾರಣ, ಸಾಕಲೇಬೇಕೆಂಬವರು ಸಾಕಣೆಯಲ್ಲಿ ಹುಟ್ಟಿದ ಮೀನನ್ನೇ ಕೇಳಿ ಕೊಳ್ಳಲಿ. ಅಂಗಡಿಯವನು ಹುಟ್ಟೂರನ್ನು ಹೇಳಲಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಲಿ. ಅಷ್ಟು ಹಣವೂ ವ್ಯವಧಾನವೂ ಇಲ್ಲದ ನಮ್ಮಂಥವರು ಪ್ರದರ್ಶನಾಲಯಕ್ಕೆ ಹೋಗಿ, ಗಾಜಿನ ಮುಂದೆ ನಿಂತು, ಒಂದೊಂದು ಮೀನಿನ ಕುರುಹನ್ನೂ ಗುರುತಿಸಲು ಕಲಿಯೋಣ. ಮನೆಗೆ ತಂದರೆ ಮಾತ್ರ ಪ್ರೀತಿಯೆ? ತಿಳಿದು ಬಿಟ್ಟುಬಿಡುವುದೂ ಪ್ರೀತಿಯೇ ಎಂಬುದು ನಮ್ಮ ಅಭಿಪ್ರಾಯ.