ಗೃಹಾರೋಗ್ಯ: ಮಲಗುವ ಹೊತ್ತಿನ ಎರಡು ಗುಳಿಗೆಗಳು

ನೋವಿಗೆಂದು ಒಂದು ಗುಳಿಗೆ, ನಿದ್ರೆಗೆಂದು ಇನ್ನೊಂದು ಗುಳಿಗೆ. ಇವೆರಡನ್ನೂ ರಾತ್ರಿ ಮಲಗುವಾಗ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಯು ಈ ಪುಟಕ್ಕೆ ಹಲವು ರೂಪಗಳಲ್ಲಿ ಬರುತ್ತಲಿದೆ. ಮೊಣಕಾಲಿನ ಬೇನೆಯುಳ್ಳ ವೃದ್ಧರು ಕೇಳುತ್ತಾರೆ; ಸೊಂಟ ಹಿಡಿದುಕೊಂಡ ಗೃಹಿಣಿಯರು ಕೇಳುತ್ತಾರೆ; ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ತಂದೆತಾಯಿಗಳ ಶುಶ್ರೂಷೆಯಲ್ಲಿರುವ ಮಕ್ಕಳು ಕೇಳುತ್ತಾರೆ. ಎಲ್ಲರೂ ಬಯಸುವುದು ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವನ್ನು. ಅಂತಹ ಉತ್ತರವನ್ನು ನಾವು ಕೊಡಲಾರೆವು. ಬೇರೆ ಯಾರಾದರೂ ಕೊಟ್ಟರೆ ಅದನ್ನು ನಂಬಲಾಗದು. ಕಾರಣವೇನೆಂದರೆ, "ನೋವಿನ ಗುಳಿಗೆ" ಎಂಬ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ನೆಂಟಸ್ತನವೇ ಇಲ್ಲದ ಮೂರು ಕುಲಗಳು ಸೇರಿಕೊಂಡಿವೆ. ಕುಲವು ತಿಳಿದ ಮೇಲೆಯೇ ಉತ್ತರ.

ಮೊದಲನೆಯದು ಪ್ಯಾರಸಿಟಮಾಲ್. ಜ್ವರಕ್ಕೂ ತಲೆನೋವಿಗೂ ಮನೆಮನೆಯಲ್ಲಿ ಇಟ್ಟುಕೊಂಡಿರುವುದು ಇದನ್ನೇ. ಇದು ನಿದ್ರೆಯನ್ನು ತರುವುದೂ ಇಲ್ಲ, ಉಸಿರಾಟವನ್ನು ಕುಂದಿಸುವುದೂ ಇಲ್ಲ. ಆದುದರಿಂದ ವೈದ್ಯರು ಬರೆದುಕೊಟ್ಟ ನಿದ್ರೆಯ ಗುಳಿಗೆಯೊಡನೆ ಇದಕ್ಕೆ ಸಾಮಾನ್ಯವಾಗಿ ಜಗಳವಿಲ್ಲ. ಲೆಕ್ಕ ಮಾತ್ರ ತಪ್ಪಬಾರದು. ಆರೋಗ್ಯವಂತ ವಯಸ್ಕರಿಗೆ ಇಡೀ ದಿನಕ್ಕೆ 4 ಗ್ರಾಂ, ಎಂದರೆ 500 ಮಿಲಿಗ್ರಾಮಿನ 8 ಗುಳಿಗೆಗಳು, ಮೇಲಿನ ಮಿತಿ. ಯಕೃತ್ತಿನ ಕಾಯಿಲೆಯವರಿಗೂ ಮದ್ಯಪಾನಿಗಳಿಗೂ ಕೃಶರಾದ ಮುದುಕರಿಗೂ ಅದಕ್ಕಿಂತ ಕಡಿಮೆ. ನೆಗಡಿಯ ಗುಳಿಗೆಗಳಲ್ಲಿಯೂ ಇದೇ ಅಡಗಿರುವುದರಿಂದ, ಅರಿಯದೆ ಎರಡು ಬಾರಿ ನುಂಗುವವರುಂಟು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದುವು ಎರಡನೆಯ ಕುಲ. ಇವು ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು ಮಾಡಬಲ್ಲವಾದರೂ, ಮಂಪರಿನ ವಿಷಯದಲ್ಲಿ ನಿರಪರಾಧಿಗಳೆನ್ನಬಹುದು.

ಮೂರನೆಯ ಕುಲದ ಮೂಲಪುರುಷ ಅಫೀಮು. ಗಸಗಸೆಯ ಗಿಡದ ಹಸಿಯ ಕಾಯನ್ನು ಗೀರಿದಾಗ ಒಸರುವ ಹಾಲೇ ಒಣಗಿ ಅಫೀಮಾಗುವುದು. (ಹಬ್ಬದ ಮಧ್ಯಾಹ್ನ ಪಾಯಸ ಕುಡಿದು ತೂಕಡಿಸುವವರು ಗಸಗಸೆಯ ಮೇಲೆ ದೂರು ಹೊರಿಸುವುದುಂಟು. ಅಡುಗೆಯ ಬೀಜದಲ್ಲಿ ಆ ಹಾಲಿನ ಅಂಶ ಬಹಳ ಅಲ್ಪ. ನಾಲ್ಕನೆಯ ಹೋಳಿಗೆಯನ್ನು ವಿಚಾರಿಸಿಕೊಳ್ಳುವುದು ಮೇಲು.) ಮಾರ್ಫೀನ್, ಕೊಡೀನ್ ಎಂಬುವು ಈ ಹಾಲಿನಲ್ಲಿಯೇ ಇರುವುವು. ಟ್ರಮಡಾಲ್, ಟ್ಯಾಪೆಂಟಡಾಲ್ ಎಂಬುವನ್ನು ಕಾರ್ಖಾನೆಯಲ್ಲಿ ಕಟ್ಟಿದರೂ, ಮಿದುಳಿನಲ್ಲಿ ಅವು ತಟ್ಟುವ ಬಾಗಿಲು ಅದೇ. ನಮ್ಮ ದೇಶದಲ್ಲಿ ಟ್ರಮಡಾಲನ್ನು 2018ರಲ್ಲಿ ಮಾದಕದ್ರವ್ಯಗಳ ಕಾನೂನಿನ ಹತೋಟಿಗೆ ತರಲಾಯಿತು. ಹೀಗಿದ್ದರೂ ಅದರ ಹೆಸರು ಮನೆಯವರ ಕಿವಿಗೆ ಬೀಳುವುದು ಅಪರೂಪ. 325 ಮಿಲಿಗ್ರಾಂ ಪ್ಯಾರಸಿಟಮಾಲಿನೊಡನೆ 37.5 ಮಿಲಿಗ್ರಾಂ ಟ್ರಮಡಾಲನ್ನು ಬೆರೆಸಿ ಒಂದೇ ಗುಳಿಗೆಯಾಗಿ ಮಾರುವರು. ಮನೆಯವರು ಪಟ್ಟಿಯ ಮೇಲೆ ಪರಿಚಿತವಾದ ಮೊದಲ ಹೆಸರನ್ನು ಓದಿ "ಜ್ವರದ ಗುಳಿಗೆಯಂತಹುದೇ" ಎಂದು ಸಮಾಧಾನಪಟ್ಟುಕೊಳ್ಳುವರು.

ಇನ್ನು ನಿದ್ರೆಯ ಗುಳಿಗೆ. ಹಿಂದಿನ ತಲೆಮಾರಿನವರು ನುಂಗುತ್ತಿದ್ದುದು ಬಾರ್ಬಿಟುರೇಟುಗಳನ್ನು. ಅವುಗಳಲ್ಲಿ ಮೊದಲನೆಯದು 1903ರಲ್ಲಿ ವೆರೊನಾಲ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ನಿದ್ರೆ ತರುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ನಡುವಣ ಅಂತರವು ಅವುಗಳಲ್ಲಿ ತೀರ ಕಿರಿದು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ ಬಂದಾಗ ವೈದ್ಯರಿಗೆ ಎದೆಯ ಮೇಲಿನ ಭಾರವಿಳಿದಂತಾಯಿತು. ಬೆಂಜೊಡಯಜೆಪೀನ್ ಎಂಬ ಈ ವಂಶದ ಔಷಧವು (ಇಂದು ಮನೆಗಳಲ್ಲಿ ಕಾಣುವ ಆಲ್ಪ್ರಜೋಲಾಂ, ಕ್ಲೊನಜೆಪಾಂ ಇದರ ಸಂತತಿಯೇ) ಬೇರೆ ಯಾವುದೂ ಜೊತೆಗಿಲ್ಲದಾಗ ಆರೋಗ್ಯವಂತನ ಉಸಿರನ್ನು ನಿಲ್ಲಿಸುವುದು ಅಪರೂಪ. ಈ ಸತ್ಯವೇ ಜನರಲ್ಲಿ ಅತಿಯಾದ ಸಲಿಗೆಯನ್ನು ಹುಟ್ಟಿಸಿದೆ. "ಬೇರೆ ಯಾವುದೂ ಜೊತೆಗಿಲ್ಲದಾಗ" ಎಂಬ ಷರತ್ತನ್ನು ನೆನಪಿನಲ್ಲಿಟ್ಟವರು ಕಡಿಮೆ.

ಷರತ್ತು ಏಕೆಂಬುದನ್ನು ತಿಳಿಯಬೇಕಾದರೆ ಉಸಿರಾಟದ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಮಿದುಳಿನ ಬುಡದಲ್ಲಿ ಒಂದು ಕೇಂದ್ರವುಂಟು. ಮನೆಯವರೆಲ್ಲ ಮಲಗಿದ ಮೇಲೂ ಎಚ್ಚತ್ತಿರುವ ಕಾವಲುಗಾರನೆಂದು ಅದನ್ನು ಕರೆಯಬಹುದು. ರಕ್ತದಲ್ಲಿ ಇಂಗಾಲಾಮ್ಲ ವಾಯು ಹೆಚ್ಚಿದೊಡನೆ ಅದಕ್ಕೆ ಸುದ್ದಿ ಮುಟ್ಟುತ್ತದೆ. ಕೂಡಲೇ ಅದು ಎದೆಯ ಸ್ನಾಯುಗಳಿಗೆ ಇನ್ನೂ ಆಳವಾಗಿ ಉಸಿರೆಳೆಯುವಂತೆ ಅಪ್ಪಣೆ ಮಾಡುತ್ತದೆ. ಅಫೀಮಿನ ಕುಲದ ಔಷಧವು ಈ ಕಾವಲುಗಾರನ ಕಿವಿಗೆ ಹತ್ತಿಯನ್ನು ತುರುಕಿದಂತೆ. ಸುದ್ದಿ ಬಂದರೂ ಕೇಳಿಸದು. ನಿದ್ರೆಯ ಗುಳಿಗೆಯಾದರೋ ಗಂಟಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಗಾಳಿಯ ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಉಸಿರು ಸಿಕ್ಕಿಕೊಂಡಾಗ ತಾನಾಗಿ ಎಚ್ಚರಗೊಳ್ಳುವ ಶಕ್ತಿಯನ್ನೂ ಮೊಂಡು ಮಾಡುತ್ತದೆ. ಎರಡರಲ್ಲಿ ಒಂದೇ ಇದ್ದು ಪ್ರಮಾಣವೂ ಹಿತವಾಗಿದ್ದರೆ ದೇಹವು ಹೇಗೋ ಸುಧಾರಿಸಿಕೊಳ್ಳುವುದು. ಎರಡೂ ಕೂಡಿದಾಗ ಉಸಿರು ನಿಧಾನವಾಗಿ, ಆಳವಿಲ್ಲದುದಾಗಿ, ಕಡೆಗೆ ನಿಂತೇ ಹೋಗಬಹುದು.

ಇದರಲ್ಲಿ ನಮಗೆ ಅತ್ಯಂತ ಭಯಂಕರವಾಗಿ ತೋರುವುದು ಇದರ ಮೌನ. ಹೃದಯಾಘಾತವಾದವನು ಎದೆ ಹಿಡಿದುಕೊಳ್ಳುತ್ತಾನೆ, ಜ್ವರ ನೆತ್ತಿಗೇರಿದವನು ಬಡಬಡಿಸುತ್ತಾನೆ. ಇಲ್ಲಿ ಅಂತಹುದೇನೂ ಇಲ್ಲ. ಹದಿನೈದು ದಿನಗಳಿಂದ ನೋವಿನಿಂದ ನರಳಿ ಮನೆಯವರೆಲ್ಲರ ನಿದ್ರೆಯನ್ನು ಕೆಡಿಸಿದ್ದ ತಾಯಿಯು ಈ ದಿನ ಗೊರಕೆ ಹೊಡೆಯುತ್ತ ಮಲಗಿರುವಳು. ಸೊಸೆಯು ಬಾಗಿಲಿನಿಂದ ಇಣುಕಿ ನೋಡಿ, "ಸದ್ಯ, ಇಂದಾದರೂ ಕಣ್ಣು ಹತ್ತಿತು, ಯಾರೂ ಎಬ್ಬಿಸಬೇಡಿ" ಎಂದು ದೀಪವಾರಿಸುವಳು. ಯಾವುದಕ್ಕಾಗಿ ದೇವರಲ್ಲಿ ಮೊರೆಯಿಟ್ಟಿದ್ದರೋ ಅದರ ವೇಷದಲ್ಲಿಯೇ ಅಪಾಯವು ಮನೆಯೊಳಕ್ಕೆ ಬಂದಿರುತ್ತದೆ.

2008ರ ಜನವರಿ 22ರಂದು ಆಸ್ಟ್ರೇಲಿಯಾದ ಚಲಚ್ಚಿತ್ರ ನಟ ಹೀತ್ ಲೆಜರ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಮೃತನಾದನು. ವಯಸ್ಸು 28. ಆ ನಗರದ ಸರ್ಕಾರಿ ವೈದ್ಯಾಧಿಕಾರಿಗಳು ಪರೀಕ್ಷಿಸಿ, ಆರು ಔಷಧಗಳ ಕೂಡುಪರಿಣಾಮವೇ ಕಾರಣವೆಂದೂ, ಇದು ಔಷಧಗಳ ಅನುಚಿತ ಬಳಕೆಯಿಂದಾದ ಆಕಸ್ಮಿಕವೆಂದೂ ತೀರ್ಮಾನಿಸಿದರು. ಆರರಲ್ಲಿ ಎರಡು ಅಫೀಮಿನ ಕುಲದ ನೋವಿನ ಔಷಧಗಳು, ಮೂರು ಬೆಂಜೊಡಯಜೆಪೀನುಗಳು, ಉಳಿದ ಒಂದು ಡಾಕ್ಸಿಲಮೀನ್, ನೆಗಡಿಯ ಔಷಧಗಳಲ್ಲಿ ಸೇರುವ ಸಾಧಾರಣ ವಸ್ತು. 2016ರ ಆಗಸ್ಟಿನಲ್ಲಿ ಅಮೆರಿಕದ ಔಷಧನಿಯಂತ್ರಣ ಇಲಾಖೆಯು, ಈ ಎರಡು ಕುಲಗಳನ್ನು ಕೂಡಿಸಿದರೆ ಪ್ರಾಣಾಪಾಯವುಂಟೆಂಬ ಎಚ್ಚರಿಕೆಯನ್ನು ಔಷಧದೊಡನೆ ಕೊಡುವ ವಿವರಪತ್ರದಲ್ಲಿ ಚೌಕಟ್ಟು ಹಾಕಿ ಅಚ್ಚುಮಾಡಬೇಕೆಂದು ವಿಧಿಸಿತು.

ಆ ಆರನೆಯ ಔಷಧದ ಮೇಲೆ ವಾಚಕರು ಸ್ವಲ್ಪ ಗಮನವಿಡಬೇಕು. ಮಂಪರನ್ನು ತರುವ ವಸ್ತುವು ನಿದ್ರೆಯ ಗುಳಿಗೆಯೆಂಬ ಹೆಸರಿನಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ನೆಗಡಿಯ ಗುಳಿಗೆಯಲ್ಲಿ ಕ್ಲೋರ್‌ಫೆನಿರಮೀನ್ ಇರುವುದು. ಕೆಲವು ಕೆಮ್ಮಿನ ಪಾನಕಗಳಲ್ಲಿ ಕೊಡೀನ್ ಇರುವುದು. ಬೆನ್ನುನೋವಿಗೆ ಕೊಡುವ ಗುಳಿಗೆಗಳಲ್ಲಿ ಡೈಕ್ಲೊಫೆನಾಕಿನೊಡನೆ ಸ್ನಾಯುಗಳನ್ನು ಸಡಿಲಿಸುವ ಕ್ಲೋರ್‌ಜಾಕ್ಸಜೋನ್ ಬೆರೆತಿರುವುದುಂಟು. ಟೈಜಾನಿಡೀನೂ ಅದೇ ಕೆಲಸದ್ದು. ಸಕ್ಕರೆ ಕಾಯಿಲೆಯವರ ಕಾಲುರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ಗಳ ಬಗೆಗೂ 2019ರಲ್ಲಿ ಉಸಿರಾಟದ ಎಚ್ಚರಿಕೆಯನ್ನು ಅಮೆರಿಕದ ಅದೇ ಇಲಾಖೆಯು ಹೊರಡಿಸಿತು. ಮದ್ಯದ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆ ದಿನ ಕುಡಿದವರು ಈ ಎರಡು ಕುಲಗಳಲ್ಲಿ ಯಾವುದನ್ನೂ ಮುಟ್ಟಲಾಗದು.

"ಎರಡರ ನಡುವೆ ಎರಡು ತಾಸು ಬಿಟ್ಟರೆ ಸಾಲದೇ?" ಎಂದು ಬಹಳ ಮಂದಿ ಕೇಳುತ್ತಾರೆ. ಸಾಲದು. ಗುಳಿಗೆಯು ಗಂಟಲಿನಿಂದ ಇಳಿದ ಮಾತ್ರಕ್ಕೆ ದೇಹದಿಂದ ಇಳಿದಂತಾಗಲಿಲ್ಲ. ನುಂಗಿದ ಆಲ್ಪ್ರಜೋಲಾಮಿನ ಅರ್ಧಭಾಗವು ರಕ್ತದಿಂದ ಕಳೆಯಲು ವಯಸ್ಕರಲ್ಲಿ ಸುಮಾರು 11 ತಾಸು ಬೇಕು. ಕ್ಲೊನಜೆಪಾಮಿಗೆ 30ರಿಂದ 40 ತಾಸು. ಎಂದರೆ ನಿನ್ನೆಯ ರಾತ್ರಿಯ ಕ್ಲೊನಜೆಪಾಮಿನ ಬಹುಭಾಗವು ಇಂದಿನ ರಾತ್ರಿಯೂ ಒಳಗೇ ಇರುತ್ತದೆ; ಅದರ ಮೇಲೆ ಇಂದಿನದು ಕೂಡುತ್ತದೆ. ಮುದುಕರಲ್ಲಿಯೂ ಯಕೃತ್ತು, ಮೂತ್ರಪಿಂಡಗಳು ದುರ್ಬಲವಾದವರಲ್ಲಿಯೂ ಕಾಲ ಇನ್ನೂ ದೀರ್ಘ. ಆದುದರಿಂದ ಗಡಿಯಾರ ನೋಡಿ ಎಂಟಕ್ಕೊಂದು ಹತ್ತಕ್ಕೊಂದು ಕೊಡುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಆದೀತೇ ಹೊರತು ರೋಗಿಯ ರಕ್ಷಣೆಗಲ್ಲ. ಇದೇ ಕಾರಣದಿಂದ, ಗುಳಿಗೆ ನುಂಗಿ ಅರ್ಧ ತಾಸಾದರೂ ನಿದ್ರೆ ಬರಲಿಲ್ಲವೆಂದು ಇನ್ನೊಂದನ್ನು ನುಂಗಲಾಗದು. ನಡುರಾತ್ರಿಯಲ್ಲಿ ಎಚ್ಚರವಾಗಿ, ತೆಗೆದುಕೊಂಡೆನೋ ಇಲ್ಲವೋ ಎಂಬ ಸಂಶಯ ಬಂದರೆ, ತೆಗೆದುಕೊಂಡಾಯಿತೆಂದೇ ಭಾವಿಸತಕ್ಕದ್ದು.

ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವ ಅಭ್ಯಾಸವುಳ್ಳವರು, ಗೂರಲಿನವರು, ಬೀಡಿ ಸಿಗರೇಟುಗಳಿಂದ ಶ್ವಾಸಕೋಶ ಕೆಟ್ಟವರು, ಅರುವತ್ತೈದು ದಾಟಿದವರು ವಿಶೇಷವಾಗಿ ಜಾಗರೂಕರಾಗಿರಬೇಕು. ಮುದುಕರಿಗೆ ಉಸಿರಿನ ಅಪಾಯವಲ್ಲದೆ ಇನ್ನೊಂದುಂಟು. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದವರು ಮಂಪರಿನಲ್ಲಿ ಹೊಸ್ತಿಲು ಎಡವಿ ತೊಡೆಯ ಮೂಳೆ ಮುರಿದುಕೊಳ್ಳುವುದು. ಹಾಸಿಗೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪವನ್ನು ಉರಿಯಬಿಡುವುದಕ್ಕೆ ಆಗುವ ಖರ್ಚು ಅತ್ಯಲ್ಪ.

ಹಾಗಾದರೆ ಮಾಡತಕ್ಕದ್ದೇನು? ಮೊದಲು, ನಿದ್ರೆಯನ್ನು ಕದಿಯುತ್ತಿರುವುದು ನೋವೇ ಆಗಿದ್ದರೆ ಔಷಧವು ನೋವಿಗೆ ಸಲ್ಲಬೇಕು, ನಿದ್ರೆಗಲ್ಲ. ಮಲಗುವುದಕ್ಕೆ ಸುಮಾರು ಅರ್ಧ ತಾಸು ಮುಂಚೆ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡ ಪ್ಯಾರಸಿಟಮಾಲ್, ಬಿಸಿನೀರಿನ ಶಾಖ, ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ಒಂದು ದಿಂಬು, ಇವುಗಳಿಂದಲೇ ಎಷ್ಟೋ ಮಂದಿಗೆ ನಿದ್ರೆ ಹತ್ತುತ್ತದೆ. ಎರಡನೆಯದಾಗಿ, ಮೂಳೆಯ ವೈದ್ಯರು ಬರೆದುದನ್ನು ಮಾನಸಿಕ ವೈದ್ಯರೂ, ಅವರು ಬರೆದುದನ್ನು ಇವರೂ ಅರಿಯರು. ಅರಿತವರು ಮನೆಯವರು ಮಾತ್ರ. ಚೀಟಿಗಳನ್ನಲ್ಲ, ಮನೆಯಲ್ಲಿರುವ ಗುಳಿಗೆಗಳ ಪಟ್ಟಿಗಳನ್ನೇ ಒಂದು ಕೈಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಬೇಕು. 2014ರಿಂದ ನಮ್ಮ ದೇಶದಲ್ಲಿ ಆಲ್ಪ್ರಜೋಲಾಂ, ಜೋಲ್ಪಿಡೆಂ, ಕೊಡೀನ್, ಟ್ರಮಡಾಲ್ ಮೊದಲಾದುವುಗಳ ಮೇಲೆ ಕೆಂಪು ಚೌಕಟ್ಟಿನಲ್ಲಿ ಎಚ್ಚರಿಕೆಯನ್ನು ಅಚ್ಚುಮಾಡಬೇಕೆಂಬ ನಿಯಮವಿದೆ. ಕೆಂಪು ಚೌಕಟ್ಟಿನ ಪಟ್ಟಿಗಳು ಮನೆಯಲ್ಲಿ ಎರಡು ಕಂಡರೆ, ವೈದ್ಯರನ್ನು ಕೇಳದೆ ಆ ರಾತ್ರಿ ಎರಡನ್ನೂ ಕೂಡಿಸಬೇಡಿ. ನೆರೆಮನೆಯವರಿಗೆ ಹಿತವಾದುದೆಂದು ಅವರ ಗುಳಿಗೆಯನ್ನು ಬೇಡಿ ತರುವ ಉಪಕಾರ ವಿನಿಮಯವು ಉಪ್ಪಿನಕಾಯಿಗೆ ಇರಲಿ.

ಇಷ್ಟನ್ನು ಓದಿ ಹೆದರಿ, ಬಹುಕಾಲದಿಂದ ನುಂಗುತ್ತಿರುವ ನಿದ್ರೆಯ ಗುಳಿಗೆಯನ್ನು ಯಾರೂ ಈ ರಾತ್ರಿಯೇ ಬಿಟ್ಟುಬಿಡಬಾರದು. ಬೆಂಜೊಡಯಜೆಪೀನುಗಳನ್ನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂತಹ ಸೆಳೆತ ಬರಬಹುದು. ವಾರಗಳ ಮೇಲೆ ಸ್ವಲ್ಪಸ್ವಲ್ಪವಾಗಿ ವೈದ್ಯರೇ ಇಳಿಸಬೇಕು. ಅರ್ಬುದದಂತಹ ಕಾಯಿಲೆಗಳ ಕಡೆಯ ದಿನಗಳಲ್ಲಿ ಮಾರ್ಫೀನನ್ನೂ ಶಾಮಕಗಳನ್ನೂ ವೈದ್ಯರು ತಿಳಿದೇ, ಅಳೆದೇ, ಕೂಡಿಸಿ ಕೊಡುವುದುಂಟು. ಅಲ್ಲಿ ಈ ಲೇಖನವನ್ನು ಹಿಡಿದು ವಾದ ಮಾಡಿ ರೋಗಿಗೆ ನೋವನ್ನು ಉಳಿಸಬಾರದು.

ಕಡೆಗೆ, ಮಲಗಿದವರನ್ನು ಕಂಡು ಸಂಶಯ ಬಂದಾಗ ಮಾಡಬೇಕಾದುದು. ಆರೋಗ್ಯವಂತ ವಯಸ್ಕರ ಉಸಿರು ನಿಮಿಷಕ್ಕೆ 12ರಿಂದ 20. ಎದೆಯ ಏರಿಳಿತವನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ. ಎಂಟಕ್ಕೋ ಅದಕ್ಕೂ ಕೆಳಗೋ ಇಳಿದಿದ್ದರೆ, ಎಂದೂ ಇಲ್ಲದ ಗುಳುಗುಳು ಗೊರಕೆ ಕೇಳಿದರೆ, ತುಟಿ ಉಗುರುಗಳು ನೀಲಿಯಾಗಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ, ಗಟ್ಟಿಯಾಗಿ ಕರೆದು ಭುಜ ಹಿಡಿದು ಅಲುಗಾಡಿಸಿದರೂ ಏಳದಿದ್ದರೆ, "ಮಲಗಿ ಸರಿಹೋಗಲಿ" ಎನ್ನಬೇಡಿ. 108ಕ್ಕೆ ಫೋನು ಮಾಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಕಾಫಿಯನ್ನಾಗಲಿ ನೀರನ್ನಾಗಲಿ ಹಾಕದೆ ಬಳಿಯಲ್ಲಿಯೇ ಕುಳಿತಿರಿ. ಉಸಿರು ನಿಂತೇ ಹೋದರೆ ಅದೇ ಫೋನಿನಲ್ಲಿ ಹೇಳಿ ಅವರು ಹೇಳಿಕೊಟ್ಟಂತೆ ಮಾಡಿ. ಗುಳಿಗೆಗಳ ಪಟ್ಟಿಗಳನ್ನು, ಖಾಲಿಯಾದುವನ್ನೂ ಸೇರಿಸಿ, ಬಂದವರ ಕೈಗೆ ಕೊಡಿ. ಅಫೀಮಿನ ಕುಲಕ್ಕೆ ನಲಾಕ್ಸೋನ್ ಎಂಬ ಪ್ರತ್ಯೌಷಧವುಂಟು. ಕೊಟ್ಟ ನಿಮಿಷಗಳಲ್ಲಿಯೇ ಅದು ಉಸಿರನ್ನು ಮರಳಿಸಬಲ್ಲದು. ಆದರೆ ಒಳಗೆ ಹೋಗಿರುವುದು ಯಾವ ಕುಲದ್ದೆಂಬುದನ್ನು ವೈದ್ಯರಿಗೆ ಹೇಳಬಲ್ಲವು ಆ ಪಟ್ಟಿಗಳೇ.